ನನ್ನ ರಿಪೇರಿ ಪ್ರತಾಪ

ಕಾಲೇಜು ಗ್ರಂಥಾಲಯಕ್ಕೆ ಸಹಾಯಕನಾಗಿ ಸೇರಿದ ಹೊಸತರಲ್ಲಿ, ಹಳೆಯ ಪತ್ರಿಕೆಗಳ ಉದ್ಧಾರಕ್ಕಾಗಿಯೇ ನಾನು ಹುಟ್ಟಿದ್ದೇನೆ ಅಂದುಕೊಂಡಿದ್ದೆ. 1916ರಲ್ಲಿ ಶುರುವಾದ ಪರಿಷತ್ಪತ್ರಿಕೆ, 1919ರ 'ಪ್ರಬುದ್ಧ ಕರ್ಣಾಟಕ' ಇವುಗಳ ಸಂಪುಟಗಳೆಲ್ಲ ಬೀಗ ಹಾಕಿದ ಬೀರುವಿನಲ್ಲಿದ್ದವು. ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ಅವು ಇವತ್ತಿಗೂ ಚೆನ್ನಾಗಿವೆ.

ನನ್ನ ಕೈಗೆ ಸಿಕ್ಕಿದ್ದು ಹೆಸರು ಮಾಸಿದ ಒಂದು ಮಾಸಪತ್ರಿಕೆ. ಹಾಳೆ ಮಗುಚಿದರೆ ಹಪ್ಪಳ ಮುರಿದ ಸದ್ದು. ಸೆಲ್ಲೋ ಟೇಪು ತೆಗೆದೆ. ಹರಿದಲ್ಲೆಲ್ಲ ಹಚ್ಚಿದೆ, ಹರಿಯದ ಕಡೆಯೂ ಮುಂಜಾಗ್ರತೆಗೆ ಹಚ್ಚಿದೆ. ಏಳೆಂಟು ಬೇಸಿಗೆ ಕಳೆಯುವಷ್ಟರಲ್ಲಿ ಟೇಪು ಒಣಗಿ ಉದುರಿತು, ಅದರ ಗೋಂದು ಮಾತ್ರ ಕಾಗದಕ್ಕೆ ಇಳಿದು, ಬೋಂಡ ಕಟ್ಟಿದ ಪೇಪರಿನ ಹಾಗೆ ಹಳದಿ ಪಟ್ಟೆ ಉಳಿಯಿತು.

ಹಿಟ್ಟಿನ ಅಂಟೇ ಒಳ್ಳೆಯದು, ನೀರು ಸೋಕಿಸಿದರೆ ಬಿಡಿಸಬಹುದು ಎಂದು ಆಮೇಲೆ ಓದಿದೆ. ಮನೆಯಲ್ಲಿ ಮೈದಾ ಕುದಿಸಿದೆ. "ಇವತ್ತು ತಿಂಡಿಗೆ ಇದೇನಾ?" ಎಂದಳು ಹೆಂಡತಿ. ಬೈಂಡರುಗಳು ಹುಳ ಬರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಅಡುಗೆಮನೆಯಲ್ಲಿ ಬೇಡ ಎಂದು ನಾನು ಬಿಟ್ಟೆ. ಸಿನಿಮಾ ಪೋಸ್ಟರಿಗೆ ಬಳಿಯುವಷ್ಟು ದಪ್ಪಗೆ ಬಳಿದೆ. ತಿಂಡಿ ಅಂತೂ ಆಯಿತು: ಸಿಲ್ವರ್‌ಫಿಶ್ ಹುಳಗಳು ಸಂಸಾರ ಸಮೇತ ಬಂದು ಅಂಟನ್ನೂ, ಪಲ್ಯದ ಹಾಗೆ ಜೊತೆಗೆ ಕಾಗದವನ್ನೂ ಮುಗಿಸಿದವು.

ಕೊನೆಗೆ ಬೈಂಡಿಂಗ್ ಸಾಬರನ್ನು ಕರೆಸಿದೆ. ಅವರು ಸಂಪುಟವನ್ನು ಮೂಗಿನ ಹತ್ತಿರ ಹಿಡಿದು, "ಯಾರು ಸಾರ್ ಇದಕ್ಕೆ ಉಪ್ಪಿಟ್ಟು ತಿನ್ನಿಸಿದ್ದು?" ಎಂದರು. ಹಳೇ ಹೊಲಿಗೆ ಬಿಚ್ಚಿ, ಹೊಸದಾಗಿ ಹೊಲಿದು, ರಟ್ಟಿಗೆ ಕ್ಯಾಲಿಕೊ ಹಾಕುವುದೆಂದು ಮಾತಾಯಿತು. "ಅಂಚು ಮಾತ್ರ ಕತ್ತರಿಸೋದು ಬೇಡ, ಮೊದಲೇ ಒಂದು ಸಲ ಕತ್ತರಿಸಿದ್ದಾರೆ, ಜಾಗವೇ ಇಲ್ಲ" ಎಂದರು.

"ನೀಟಾಗಿರಲಿ, ಹೊಡೀರಿ ಸಾಬರೇ" ಎಂದೆ.

ಹೊಡೆದರು. ಸಂಪುಟ ಮದುವೆ ಗಂಡಿನ ಹಾಗೆ ಬಂತು. ಬಿಚ್ಚಿ ನೋಡಿದರೆ ಪ್ರತಿ ಪುಟದ ಕೊನೆಯ ಸಾಲಿನಲ್ಲಿ ಒತ್ತಕ್ಷರಗಳೇ ಇಲ್ಲ! ಅಕ್ಕ 'ಅಕ' ಆಗಿದ್ದಳು, ಅಪ್ಪ 'ಅಪ'.

ಮೊನ್ನೆ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಆ ಸಂಪುಟ ಹಿಡಿದು ಬಂದಳು. "ಸಾರ್, 'ಅಗಸನ ಕತೆ ಕಿರುಚಿಕೊಂಡು ಓಡಿತು' ಅಂತಿದೆ. ಆ ಕಾಲಕ್ಕೇ ಇಂಥ ನವ್ಯ ಪ್ರತಿಮೆ ಇತ್ತಾ?"

ಓಡಿದ್ದು ಕತ್ತೆ ಎಂದು ಹೇಳಲು ಬಾಯಿ ಬರಲಿಲ್ಲ. "ಇತ್ತಮ್ಮ" ಎಂದೆ.

ಬರೆದುಕೊಂಡು, ಅಡಿಗೆರೆ ಎಳೆದು, ಮತ್ತೆ ತಲೆಯೆತ್ತಿದಳು. "ಇದರಲ್ಲಿ ಪುಟಸಂಖ್ಯೆ ಎಲ್ಲಿದೆ ಸಾರ್?"