ಅವರೆಗೆ ಹೇನು, ಊರೆಲ್ಲ ವೈದ್ಯರು

ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ನಮ್ಮ ಹೊಸದುರ್ಗ ಸೀಮೆಯ ಮತ್ತೋಡಿನಲ್ಲಿ, ಹಿತ್ತಲ ಅವರೆ ಕುಡಿಗೂ ಕರಿಬಳೆ ತೊಡಿಸಿದ ಹಾಗೆ ಹೇನು ಮುತ್ತುತ್ತದೆ. ಸುದ್ದಿ ಹಬ್ಬಿದರೆ ಸಾಕು, ಬೇಲಿಯಾಚೆಯವರೆಲ್ಲ ಡಾಕ್ಟರೇ.

"ಬೂದಿ ಎರಚವ್ವ!"

"ಬೂದಿ ಒಲೆ ಹಚ್ಚೋರ ಮನೇಲಿ ಸಿಗುತ್ತೆ ಕಣಜ್ಜಿ, ನಮ್ದು ಗ್ಯಾಸು."

ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆಯೋಣವೆಂದರೆ ಹೇನಿಗಿಂತ ಮೊದಲು ಮನೆಯವರೇ ಸೀನುತ್ತಾರೆ. ನನ್ನ ಓಟು ಬೇವಿಗೆ. ಐವತ್ತು ಗ್ರಾಂ ಬೇವಿನ ಬೀಜದ ಪುಡಿಯನ್ನು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕದಡಿ ಸಂಜೆ ಹೊಡೆಯಬೇಕು. ಬಿಸಿಲಿಗೆ ಅದರ ಸತ್ವ ನಿಲ್ಲದು. ಎಲೆಯ ಅಡಿಯನ್ನು ಮರೆಯಬಾರದು, ಹೇನಿನ ಬಿಡಾರ ಅಲ್ಲೇ.

ಇರುವೆಗಳ ದರ್ಬಾರು ಬೇರೆ! ಹೇನು ಸುರಿಸುವ ಸಿಹಿರಸದ ಆಸೆಗೆ ಅದಕ್ಕೆ ಕಾವಲು ಕೂರುತ್ತವೆ. ನಮ್ಮ ಕಡೆಯ ಪೊಲೀಸು ಗುಲಗಂಜಿ ಹುಳು. ಅದರ ಮರಿಗಂತೂ ಹೇನೇ ಊಟ, ಹೇನೇ ತಿಂಡಿ. ಆದರೆ ಕರಿ ಮೈ, ಕಿತ್ತಳೆ ಮಚ್ಚೆಯ ಆ ಮರಿ ನೋಡಲು ಚೆಂದವಿಲ್ಲ, "ಅಯ್ಯೋ, ಕೆಟ್ಟ ಹುಳ!" ಎಂದು ಮೊದಲು ಹೊಸಕುವುದು ಅದನ್ನೇ.

ಕಾಯಿ ಕೊಯ್ದಮೇಲೆ ಚೆನ್ನಾಗಿ ತೊಳೆಯಿರಿ. ಇಲ್ಲದಿದ್ದರೆ ಸಾರು ಕೆಟ್ಟರೂ ಸೊಸೆ ತಪ್ಪನ್ನು ಬೇವಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾಳೆ.