ಸಾಸಿವೆ ಡಬ್ಬಿ ಪಕ್ಕದ ಔಷಧಿ

ಈಚೆಗೆ ಯಾರ ಮನೆಗೆ ಹೋದರೂ ಬಿ.ಪಿ. ಮಾತ್ರೆ ಜೊತೆಗೆ ಕರ್ಕ್ಯುಮಿನ್ ಕ್ಯಾಪ್ಸೂಲಿನ ಡಬ್ಬಿಯೂ ಇದ್ದೇ ಇರುತ್ತೆ, ನೋಡಿದ್ದೀರಲ್ವಾ? ಮಗಳು ಅಮೆರಿಕದಿಂದ ಬರುವಾಗ ತಂದದ್ದು, ಇಲ್ಲಾ ಮಂಡಿನೋವಿಗೆ ಒಳ್ಳೇದು ಅಂತ ವಾಕಿಂಗಿನಲ್ಲಿ ಸಿಕ್ಕವರು ಹೇಳಿದ್ದು. ಆಂಟಿಆಕ್ಸಿಡೆಂಟ್, ಪೂರ್ತಿ ನೈಸರ್ಗಿಕ ಅಂತೆಲ್ಲ ಮೇಲೆ ಬರೆದಿರುತ್ತೆ. ಒಳಗಿರೋದು ನಮ್ಮ ಅರಿಶಿನದ ಸತ್ವವೇ. ಅರಿಶಿನದ ಪುಡಿಯಲ್ಲಿ ನೂರಕ್ಕೆ ಮೂರರ ಆಸುಪಾಸು ಇರೋ ಕರ್ಕ್ಯುಮಿನ್ ಅನ್ನೋದನ್ನ ಬೇರೆ ಮಾಡಿ ತುಂಬಿಟ್ಟಿರ್ತಾರೆ. ಆ ಹಳದಿ ಬಣ್ಣವೂ ಅದರದ್ದೇ.

ಬಣ್ಣ ಅಂದಾಗ ನೆನಪಾಯ್ತು. ನಮ್ಮಜ್ಜಿ ಆರತಿ ತಟ್ಟೆಗೆ ನೀರು ಹಾಕಿ, ಅರಿಶಿನ ಕದಡಿ, ಎಲೆಅಡಿಕೆ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತೆಗೆದು ಬೆರಳಲ್ಲೇ ತಿರುವೋರು. ನೋಡ್ತಾ ನೋಡ್ತಾ ನೀರೆಲ್ಲ ಕೆಂಪು! ಮದುಮಕ್ಕಳ ಕಡೆ ಯಾರು ನೋಡ್ತಾರೆ, ನಾವು ಮಕ್ಕಳೆಲ್ಲ ಆ ತಟ್ಟೆಗೇ ಮುಗಿಬೀಳ್ತಿದ್ವಿ. ಕ್ಷಾರ ಸೋಕಿದರೆ ಕರ್ಕ್ಯುಮಿನ್ನಿನ ಗುಣವೇ ಹಾಗೆ. ಬಿಳಿ ಪಂಚೆ ಮೇಲೆ ಹುಳಿ ಬಿದ್ದು, ಆ ಕಲೆಗೆ ಸೋಪು ಉಜ್ಜಿದಾಗ ಕೆಂಪಾಗೋದೂ ಅದಕ್ಕೇ. ಆಮೇಲೆ ಚೆನ್ನಾಗಿ ಬಿಸಿಲಿಗೆ ಹರವಿದರೆ ಕಲೆ ತಾನಾಗೇ ಮಾಸುತ್ತೆ. ಬಿಸಿಲಿಗೆ ಆ ಬಣ್ಣ ನಿಲ್ಲೋದಿಲ್ಲ.

ಮೈಯೊಳಗೂ ಅದು ನಿಲ್ಲೋದು ಕಷ್ಟವೇ. ನೀರಲ್ಲಿ ಕರಗೋದಿಲ್ಲ, ಕರುಳಿಂದ ರಕ್ತಕ್ಕೆ ಸೇರೋದು ಒಂದಿಷ್ಟೇ ಇಷ್ಟು, ಅದನ್ನೂ ಪಿತ್ತಜನಕಾಂಗ ಬೇಗನೆ ಸಾಗಹಾಕಿಬಿಡುತ್ತೆ. ಇದಕ್ಕೊಂದು ದಾರಿ ತೋರಿಸಿಕೊಟ್ಟ ಕೆಲಸ ನಡೆದದ್ದು ನಮ್ಮ ಬೆಂಗಳೂರಲ್ಲೇ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲಿ. 1998ರಲ್ಲಿ ಪ್ರಕಟವಾಯ್ತು. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದರ ಸುಳಿವೇ ಸಿಗದಷ್ಟು ಕಡಿಮೆ. ಜೊತೆಗೆ ಕರಿಮೆಣಸಿನ ಪೈಪರೀನ್ ಬರೀ 20 ಮಿಲಿಗ್ರಾಂ ಸೇರಿಸಿದರೆ ಶೇಕಡಾ 2000ದಷ್ಟು ಏರಿಕೆ! ಇವತ್ತು ಎಷ್ಟೋ ಡಬ್ಬಿಗಳ ಮೇಲೆ ಮೆಣಸಿನ ಸಾರವೂ ಇದೆ ಅಂತ ಬರೆದಿರ್ತಾರಲ್ಲ, ಅದರ ಹಿಂದೆ ಇರೋದು ಈ ಕೆಲಸವೇ. ನನಗಂತೂ ಇದನ್ನ ಹೇಳೋಕೇ ಒಂದು ಹೆಮ್ಮೆ. ಜಿಡ್ಡಿದ್ದರೂ ಮೈಗೆ ಹಿಡಿಯೋದು ಸಲೀಸು. ನೆಗಡಿಯಾದಾಗ ಅರಿಶಿನದ ಹಾಲಿಗೆ ಮೆಣಸು ಕುಟ್ಟಿಹಾಕಿ, ಮೇಲೊಂದು ಹನಿ ತುಪ್ಪ ಬಿಡ್ತೀವಲ್ಲ, ಎಲ್ಲ ಸೇರಿತಲ್ವಾ?

ಮಂಡಿನೋವಿಗೆ ಕ್ಯಾಪ್ಸೂಲಿಂದ ಸ್ವಲ್ಪ ಆರಾಮಾಗುತ್ತೆ ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳಿವೆ, ಅದನ್ನ ಅಲ್ಲಗಳೆಯೋದಿಲ್ಲ. ಆದರೆ ಸಾರಿಗೆ ಹಾಕೋ ಚಿಟಿಕೆ ಬೇರೆ, ಈ ಗಟ್ಟಿ ಸತ್ವ ಬೇರೆ ಕಣ್ರೀ. ಕರ್ಕ್ಯುಮಿನ್ನನ್ನು ಸಾಗಹಾಕೋ ಕೆಲಸಕ್ಕೆ ಮೆಣಸಿನ ಸಾರ ಅಡ್ಡಗಾಲು ಹಾಕುತ್ತೆ, ಅದು ರಕ್ತದಲ್ಲಿ ನಿಲ್ಲೋದೇ ಆ ಕಾರಣಕ್ಕೆ. ನಾವು ನುಂಗೋ ಬೇರೆ ಕೆಲವು ಮಾತ್ರೆಗಳಿಗೂ ಅದೇ ಅಡ್ಡಗಾಲು ಬೀಳಬಹುದು. ಇಂಥ ಕ್ಯಾಪ್ಸೂಲು ನುಂಗಿದವರಲ್ಲಿ ಕೆಲವರಿಗೆ ಪಿತ್ತಜನಕಾಂಗದ ಉರಿಯೂತ ಆದದ್ದು 2019ರಲ್ಲಿ ಇಟಲಿಯಲ್ಲಿ ವರದಿಯಾಗಿತ್ತು. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳೋರಿಗೆ ಇದು ಹೇಳಿಕೇಳಿ ತಗೋಬೇಕಾದ ವಸ್ತು. ಅಡುಗೆಮನೆ ಪದಾರ್ಥ ತಾನೇ ಅಂತ ನಮ್ಮವರು ಡಾಕ್ಟರ ಹತ್ತಿರ ಬಾಯೇ ಬಿಡೋಲ್ಲ, ನನಗೆ ದಿಗಿಲಾಗೋದು ಅದಕ್ಕೆ.

ನಿಮ್ಮ ಯಜಮಾನರಿಗೂ ಸ್ಟೆಂಟ್ ಹಾಕಿದಾಗಿಂದ ಅಂಥ ಮಾತ್ರೆ ನಡೀತಾ ಇದೆ, ಅಲ್ವಾ? ಈ ಸಲ ಚೆಕಪ್ಪಿಗೆ ಹೋಗುವಾಗ ಆ ಡಬ್ಬೀನೂ ಚೀಲಕ್ಕೆ ಹಾಕ್ಕೊಂಡು ಹೋಗಿ, ತೋರಿಸಿಬಿಡಿ. ಹಾಂ, ಬೇಲಿ ಪಕ್ಕ ಅರಿಶಿನದ ಎಲೆ ಅಗಲಕ್ಕೆ ಬಂದಿದೆ ನೋಡಿ. ಪಂಚಮಿ ಕಡುಬಿಗೆ ಬೇಕಾದಷ್ಟು ಕೊಯ್ಕೊಳ್ಳಿ, ನನ್ನ ಕೇಳೋಕೇ ಹೋಗಬೇಡಿ.