ಲಾಜಿಕ್ ಭಾಮೈದ

ನಮ್ಮ ಭಾಮೈದನ ಕೈಗೆ ರಿಮೋಟು ಸಿಕ್ಕರೆ ಎರಡೂವರೆ ಗಂಟೆಯ ಸಿನಿಮಾ ಐದು ಗಂಟೆ ಹಿಡಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವಾರವೆಲ್ಲ ಬಂಗಾರಪೇಟೆಯಲ್ಲಿ ರೈಲು ಹಿಡಿದು, ವೈಟ್‌ಫೀಲ್ಡಿಗೆ ನಿಂತುಕೊಂಡೇ ಹೋಗಿ, ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಕೆಲಸ. ಭಾನುವಾರ ಕ್ಯಾಸಂಬಳ್ಳಿಯ ಮನೆಯಲ್ಲಿ ಅದನ್ನೇ ಸಂಬಳವಿಲ್ಲದೆ ಮಾಡುತ್ತಾನೆ. ಯಾಕಪ್ಪಾ ಅಂದರೆ, ಇದು ಮಹಾರಾಜರ ಆಡಳಿತವನ್ನೇ ಪ್ರಶ್ನಿಸಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರ ಊರು, ಪ್ರಶ್ನೆ ಕೇಳೋದು ಇಲ್ಲಿನ ನೀರಿನಲ್ಲೇ ಇದೆ ಅನ್ನುತ್ತಾನೆ. (ಟ್ಯಾಂಕರಿನ ನೀರಿನಲ್ಲಿ ಇಲ್ಲವೇನೋ, ಮಿಕ್ಕ ನಾವೆಲ್ಲ ಸುಮ್ಮನೆ ನೋಡುತ್ತೇವೆ.)

ಹೋದ ವಾರ ‘ಜೇಡರ ಬಲೆ’ ಹಾಕಿದ್ದೆವು. 1968ರ ಕಪ್ಪು-ಬಿಳುಪು ಚಿತ್ರ, ದೊರೈ–ಭಗವಾನ್ ನಿರ್ದೇಶನ. ಕನಕದಾಸ, ಕಬೀರ, ತುಕಾರಾಮ ಎಲ್ಲ ಆಗಿ ಜನರ ಕೈ ಮುಗಿಸಿಕೊಂಡಿದ್ದ ರಾಜ್‌ಕುಮಾರ್, ಇದರಲ್ಲಿ ಕೋಟು ತೊಟ್ಟು ಸಿ.ಐ.ಡಿ. 999 ಆದರು. ಮಾವನವರು ಆಗ ಹದಿನೆಂಟರ ಹುಡುಗ. ಟಿಕೆಟ್ಟಿಗೆ ಅಂಗಿ ಹರಿಸಿಕೊಂಡ ಕಥೆ ಶುರು ಮಾಡಿದರು. ಅಷ್ಟರಲ್ಲಿ ಪರದೆ ನಿಂತಿತು.

“ಭಾವ, ಗುಪ್ತಚರ ಅಂತೀರಿ. ಮತ್ತೆ ಇವರ ನಂಬರ್ ಊರಿಗೆಲ್ಲ ಹೆಂಗೆ ಗೊತ್ತು?”

ಮುಂದಕ್ಕೆ ಬಿಟ್ಟ. ಮೂರು ನಿಮಿಷ. ಮತ್ತೆ ನಿಂತಿತು.

“ಒಂದು ಸಿ.ಸಿ. ಕ್ಯಾಮೆರಾ ಇದ್ದಿದ್ರೆ ಸಿನಿಮಾನೇ ಮುಗೀತಿತ್ತಲ್ಲ?”

ಇಲ್ಲದ್ದಕ್ಕೇ ಸಿನಿಮಾ ಆಯಿತು ಕಣಪ್ಪಾ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಜಯಂತಿ ಬಂದರು, ಹಾಡು ಬಂತು. “ಡ್ಯೂಟಿ ಟೈಮಲ್ಲಿ ಹಾಡಾ?” ಅಂದ. ಆಫೀಸಿನಿಂದ ಮಧ್ಯಾಹ್ನ ಮೂರಕ್ಕೆ ನನಗೆ ರೀಲ್ಸ್ ಕಳಿಸುವವನು ಇವನೇ.

ಈ ಚಿತ್ರದ ಕಳ್ಳರೆಲ್ಲ ಓಡುವುದು ಒಂದು ಸೂತ್ರದ ಹಿಂದೆ: ಬೇರೆ ಲೋಹವನ್ನು ಚಿನ್ನ ಮಾಡುವ ಸೂತ್ರ. ಭಾಮೈದ ಸಿಟ್ಟಾಗಿಬಿಟ್ಟ. “ಅದರ ಫೋಟೋ ತೆಗೆದು ಯಾರಿಗಾದ್ರೂ ಕಳಿಸಿಡಬಾರದಾ?”

ಆವರೆಗೆ ತೂಕಡಿಸುತ್ತಿದ್ದ ಮಾವನವರು ಕಣ್ಣು ಬಿಟ್ಟರು. 2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫಿನಲ್ಲಿ ಶಿಫ್ಟು ಮಾಡಿದವರು.

“ಅಲ್ಲ ನಾಯ್ನಾ, ಮೂರು ಕಿಲೋಮೀಟರು ಕೆಳಗಿಳಿದು ಒಂದು ಟನ್ ಕಲ್ಲು ಒಡೆದ್ರೆ, ಕೊನೆಕೊನೆಗೆ ಮೂರು ನಾಲ್ಕು ಗ್ರಾಂ ಸಿಗ್ತಿತ್ತು. ಇವನು ಚೀಟಿನಲ್ಲಿ ಬರ್ಕೊಂಡೇ ಚಿನ್ನ ಮಾಡ್ತಾನೆ. ಅದೊಂದು ನೀನು ಕೇಳ್ಳಿಲ್ಲ ನೋಡು.”

“ಅದು ಸೈನ್ಸ್ ಫಿಕ್ಷನ್ ಅಪ್ಪಾ.”

ಇದೇ ಭಾಮೈದ 2018ರಲ್ಲಿ ‘ಕೆ.ಜಿ.ಎಫ್’ ಚಿತ್ರವನ್ನು ಮೂರು ಸಲ ನೋಡಿದವನು. ಅದರಲ್ಲಿ ಎಪ್ಪತ್ತರ ದಶಕದ ಗಣಿಯೆಂದರೆ ಬಂದೂಕಿನ ಕಾವಲು, ಜೀತದಾಳುಗಳು, ಒಬ್ಬನೇ ನೂರು ಜನರನ್ನು ಕೆಡವುವ ನಾಯಕ. ಅದೇ ಕಾಲಕ್ಕೆ ಅವನ ಅಪ್ಪ ನಿಜವಾದ ಗಣಿಯಲ್ಲಿ ಕೇಂದ್ರ ಸರ್ಕಾರದ ಸಂಬಳ ಎಣಿಸಿಕೊಂಡು, ಪಿ.ಎಫ್. ಕಟ್ಟಿಕೊಂಡು ಇದ್ದರು. ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿದ್ದರೂ ಮಗ ಸಿಳ್ಳೆ ಹಾಕುತ್ತಿದ್ದ. ಅದನ್ನು ನೆನಪಿಸಿದೆ.

“ಅದು ಮಾಸ್ ಭಾವ. ಅದಕ್ಕೆಲ್ಲ ಲಾಜಿಕ್ ನೋಡಬಾರದು.”

ರಾತ್ರಿ ಊಟದ ಹೊತ್ತಿಗೆ ಕಳ್ಳರು ಸಿಕ್ಕರು. ಮುದ್ದೆ ತಣ್ಣಗಾಗಿತ್ತು. ಬರುವ ಭಾನುವಾರಕ್ಕೆ ‘ಗೋವಾದಲ್ಲಿ ಸಿ.ಐ.ಡಿ. 999’ ಎಂದು ಮಾವನವರೇ ಗೊತ್ತು ಮಾಡಿದ್ದಾರೆ. ರಿಮೋಟು ಸದ್ಯಕ್ಕೆ ಅವರ ಲುಂಗಿಯ ಸೊಂಟದಲ್ಲಿದೆ.